ಬಸ್ಸಕ್ಕ ಬೈಯಲಿಲ್ಲ

ನಮ್ಮ ಕೋಣೆಯಲ್ಲಿ ಎಂಟು ಕುರ್ಚಿ, ಎಂಟು ಫೋನು. ಸಿಗರೇಟು ಬಿಡಬೇಕೆನ್ನುವವರು ಸಹಾಯವಾಣಿಗೆ ಕರೆ ಮಾಡಿದರೆ ಈ ಎಂಟರಲ್ಲಿ ಯಾವುದಾದರೂ ಒಂದು ಹೊಡೆದುಕೊಳ್ಳುತ್ತದೆ. ನಾನು ಮೂರನೇ ಕುರ್ಚಿ. ಎರಡನೆಯದರಲ್ಲಿ ಕೂರುವವರನ್ನು ನಾವೆಲ್ಲ ಬಸ್ಸಕ್ಕ ಎನ್ನುತ್ತೇವೆ. ಇಪ್ಪತ್ತೆರಡು ವರ್ಷ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರಂಗೆ ಬರುತ್ತದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಊರಿಗೆಲ್ಲ ಹೇಳಿದವರು ಅವರು. ಆಮೇಲೆ ಅಲ್ಲಿಗೆ ರೆಕಾರ್ಡು ಮಾಡಿದ ದನಿ ಬಂತು. ಬಸ್ಸಕ್ಕನಿಗೆ ಒಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಆ ಗಡಿಯಾರ ದಿನಕ್ಕೆ ಐದು ನಿಮಿಷ ಹಿಂದೆ ಬೀಳುತ್ತದಂತೆ. ನಮ್ಮ ಬಸ್ಸುಗಳ ಜೊತೆ ಇದ್ದೂ ಇದ್ದೂ ಅದಕ್ಕೂ ಅದೇ ಚಾಳಿ ಅಂಟಿತು ಎಂದು ಅವರೇ ಹೇಳಿ ನಗುತ್ತಿದ್ದರು.

ಈ ಸಹಾಯವಾಣಿಗೆ ಯಜಮಾನರು ಇಬ್ಬರು. ಕಟ್ಟಡ, ಫೋನು, ನಮ್ಮ ನೇಮಕ ಆರೋಗ್ಯ ಇಲಾಖೆಯದು. ಕಂಪ್ಯೂಟರು, ಚರ್ಮಕ್ಕೆ ಅಂಟಿಸಿಕೊಳ್ಳುವ ನಿಕೋಟಿನ್ ಪಟ್ಟಿ, ಅಗಿಯುವ ಗಮ್ಮು, ಗೋಡೆಯ ಮೇಲೆ ಹಲ್ಲು ಕಿರಿಯುವ ಶ್ವಾಸಕೋಶದ ಚಿತ್ರ, ಇವೆಲ್ಲ ವಿಮಾ ಕಂಪನಿಯವು. ಎಷ್ಟು ಜನ ಕರೆ ಮಾಡಿದರು ಎಂದು ಇಲಾಖೆ ಕೇಳುತ್ತದೆ, ಎಷ್ಟು ಜನ ಬಿಟ್ಟರು ಎಂದು ಕಂಪನಿ ಕೇಳುತ್ತದೆ. ಇಬ್ಬರಿಗೂ ಮಾತು ಬೆಳೆದ ದಿನ ಬಡವಾಗುವ ಕೂಸು ನಾವು. ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಕೆಲಸ ಒಳ್ಳೆಯದೇ. ಇಲಾಖೆಯೊಂದೇ ಆಗಿದ್ದರೆ ಭಿತ್ತಿಪತ್ರ ಅಂಟಿಸಿ ಕೈ ತೊಳೆದುಕೊಳ್ಳುತ್ತಿತ್ತು. ಕಂಪನಿಯೊಂದೇ ಆಗಿದ್ದರೆ ಸೇದುವವನ ವಿಮೆಯ ಕಂತು ಏರಿಸಿ ಸುಮ್ಮನಾಗುತ್ತಿತ್ತು. ಇಬ್ಬರೂ ಕೈಜೋಡಿಸಿದ್ದರಿಂದ ಎಷ್ಟೋ ಜನ ನಿಜವಾಗಿಯೂ ಬಿಟ್ಟಿದ್ದಾರೆ, ನನ್ನ ಕಿವಿಯೇ ಸಾಕ್ಷಿ.

ಸೇರಿದಾಗ ನಾಲ್ಕು ದಿನ ತರಬೇತಿ ಕೊಟ್ಟರು. ಮೊದಲ ಪಾಠ, ಬೈಯಬಾರದು. ಸೇದುವವನಿಗೆ ಬೈಯುವವರು ಮನೆ ತುಂಬ ಇರುತ್ತಾರೆ, ಅವನು ನಮಗೆ ಫೋನು ಮಾಡುವುದು ಬೈಸಿಕೊಳ್ಳಲಿಕ್ಕಲ್ಲ ಎಂದರು ತರಬೇತಿ ಕೊಡಲು ಬಂದವರು. ನಾನು ಅದನ್ನು ಕೇಳಿ ಮರೆತೆ. ಬಸ್ಸಕ್ಕ 'ಬೈಯಬಾರದು' ಎಂದು ಚೀಟಿಯಲ್ಲಿ ಬರೆದು ಪರದೆಯ ಕೆಳಗೆ ಅಂಟಿಸಿಕೊಂಡರು. ಅದು ಯಾಕೆಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು.

ಮೂರನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಚಹಾ ಕುಡಿಯುತ್ತ ಅವರು ಅಷ್ಟಷ್ಟೇ ಹೇಳಿಕೊಂಡದ್ದು ಇದು. ಅವರಿಗೊಬ್ಬ ಅಣ್ಣ. ಲೇತ್ ಮಷೀನಿನ ಕೆಲಸ, ಪಂಪಿನ ಶಾಫ್ಟು ಕಡೆಯುವುದು. ಹದಿನಾರು ವರ್ಷಕ್ಕೇ ಸಿಗರೇಟು ಹಿಡಿದವನು. ನೀರಿನ ತೊಟ್ಟಿಯ ಹಿಂದೆ ಕದ್ದು ಸೇದುತ್ತಿದ್ದವನನ್ನು ಇವರೇ ಮೊದಲು ಹಿಡಿದದ್ದು. ಆಗ ಇವರಿಗೆ ಹತ್ತು ವರ್ಷ. ಗಂಟಲು ಮಾತ್ರ ಆಗಲೇ ಬಸ್ ನಿಲ್ದಾಣದ್ದು. ಕೂಗಿದ ಕೂಗಿಗೆ ಬೀದಿಯೆಲ್ಲ ಹೊರಗೆ ಬಂತಂತೆ. ಅಣ್ಣ ನಾಚಿಕೆಯಿಂದ ಒಂದೂವರೆ ವರ್ಷ ಮುಟ್ಟಲಿಲ್ಲ. ಇವರ ಮದುವೆಯ ಹಿಂದಿನ ದಿನ ಮತ್ತೆ ಸಿಕ್ಕಿಬಿದ್ದ, ಮತ್ತೆ ಬೈದರು, ಮತ್ತೆ ಎರಡು ವರ್ಷ ಬಿಟ್ಟ. ಡಾಕ್ಟರ ಮಾತಿಗೆ ಜಗ್ಗದವನು ತಂಗಿಯ ಬಾಯಿಗೆ ಜಗ್ಗುತ್ತಿದ್ದ.

ಅವರ ತಾಯಿಗೆ ಉಬ್ಬಸ. ಕೊನೆಯ ಎರಡು ವರ್ಷ ಬಸ್ಸಕ್ಕನ ಮನೆಯ ಹಿಂದಿನ ಕೋಣೆ ಬಿಟ್ಟು ಹೊರಗೆ ಬರಲಾಗಲಿಲ್ಲ. ಆ ಕೋಣೆಯ ಕಿಟಕಿಯ ಕೆಳಗೇ ಹಿತ್ತಲ ಮೆಟ್ಟಿಲು, ಅಣ್ಣ ಬಂದಾಗಲೆಲ್ಲ ಕೂತು ಸೇದುವ ಜಾಗ. ತಾಯಿ ತೀರಿಕೊಂಡ ದಿನ, ಮನೆ ತುಂಬ ಜನ ಇದ್ದಾಗ, ಬಸ್ಸಕ್ಕ ಅಣ್ಣನ ಮುಖ ನೋಡಿ "ನಿನ್ನ ಹೊಗೆಯೇ ಅಮ್ಮನ್ನ ತಿಂದಿದ್ದು" ಎಂದುಬಿಟ್ಟರು. ಅವನು ಒಂದು ಮಾತೂ ಎದುರಾಡಲಿಲ್ಲ. ಮಾಡಬೇಕಾದ್ದನ್ನೆಲ್ಲ ತಲೆ ತಗ್ಗಿಸಿಕೊಂಡು ಮಾಡಿ ಮುಗಿಸಿ, ಚಪ್ಪಲಿ ಮೆಟ್ಟಿ ಹೊರಟವನು ಆಮೇಲೆ ತಂಗಿಯ ಮನೆಯ ಹೊಸಿಲು ತುಳಿಯಲಿಲ್ಲ. ತಾಯಿಯ ಕಾಯಿಲೆ ಹುಟ್ಟಿನಿಂದ ಬಂದದ್ದು, ಹೊಗೆಯೊಂದನ್ನೇ ದೂರಬೇಡಿ ಎಂದು ಡಾಕ್ಟರು ಆಮೇಲೆ ಹೇಳಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಂಬತ್ತು ವರ್ಷ ಅಣ್ಣ ತಂಗಿ ಒಂದೇ ಊರಿನಲ್ಲಿದ್ದು ಮಾತಿಲ್ಲ. ಇನ್ನು ಮೇಲೆ ಯಾರಿಗೂ ಬೈಯುವುದಿಲ್ಲ ಎಂದು ಬಸ್ಸಕ್ಕ ತಮ್ಮಷ್ಟಕ್ಕೆ ತೀರ್ಮಾನಿಸಿಕೊಂಡಿದ್ದರು. ಚೀಟಿ ಬಂದದ್ದು ಆಮೇಲೆ.

ಒಂದು ದಿನ ಊಟದ ಬಿಡುವು ಮುಗಿಸಿ ಕೂತ ಹೊತ್ತಿಗೆ ಎರಡನೇ ಫೋನು ಹೊಡೆದುಕೊಂಡಿತು. ಕರೆ ಮಾಡಿದವರು ವಿಮೆಯ ಕಾರ್ಡಿನ ಸಂಖ್ಯೆ ಒತ್ತಿದರೆ ಹೆಸರು, ವಯಸ್ಸು, ಕೆಲಸ ಎಲ್ಲ ಪರದೆಯ ಮೇಲೆ ಬರುತ್ತದೆ. ಬಸ್ಸಕ್ಕ ಎಂದಿನಂತೆ ನಮಸ್ಕಾರ ಹೇಳಿ, ಪರದೆ ನೋಡಿ, ಅಲ್ಲೇ ಮಾತು ನಿಲ್ಲಿಸಿಬಿಟ್ಟರು. ನಾನು ಓರೆಗಣ್ಣಿನಿಂದ ನೋಡಿದೆ. ಐವತ್ತೇಳು ವರ್ಷ, ಲೇತ್ ಕೆಲಸ. ಊರಿಗೆ ಊರೇ ಇಪ್ಪತ್ತೆರಡು ವರ್ಷ ಕೇಳಿದ ದನಿ ಅದು, ಒಡಹುಟ್ಟಿದವನಿಗೆ ಗುರುತು ಸಿಗದೆ ಇರಲು ಅವನೇನು ಕಿವುಡನೇ? ಸ್ವಲ್ಪ ಹೊತ್ತಾದ ಮೇಲೆ, "ಮೇಡಂ, ಸಿಗರೇಟು ಬಿಡ್ಬೇಕು ಅಂತಿದ್ದೀನಿ" ಎಂದನಂತೆ. ಇವರು "ಒಳ್ಳೇ ನಿರ್ಧಾರ ಸಾರ್" ಎಂದರು.

ಮನೆಯವರ ಕರೆ ಬಂದರೆ ಬೇರೆ ಕುರ್ಚಿಗೆ ದಾಟಿಸಬೇಕು ಎಂಬುದು ನಿಯಮ. ಅದಕ್ಕೆಂದೇ ಫೋನಿನಲ್ಲಿ ಒಂದು ಕೆಂಪು ಗುಂಡಿ ಇದೆ. ಬಸ್ಸಕ್ಕನ ಬೆರಳು ಗುಂಡಿಯವರೆಗೆ ಹೋಗಿ ನಿಂತಿತು. ನನ್ನ ಕಡೆ ನೋಡಿದರು. ದಾಟಿಸಿದ್ದರೆ ಬರುತ್ತಿದ್ದದ್ದು ಪಕ್ಕದ ಕುರ್ಚಿಗೆ, ಅಂದರೆ ನನಗೆ. ನಾನು ಮುಖ ತಿರುಗಿಸಿ ನನ್ನ ಪರದೆಯನ್ನು ನೋಡುತ್ತ ಕೂತೆ. ಅವರು ಗುಂಡಿಯಿಂದ ಕೈ ತೆಗೆದರು.

ಒಬ್ಬೊಬ್ಬರಿಗೂ ಮೂರು ತಿಂಗಳಲ್ಲಿ ಆರು ಕರೆ. ಮೊದಲನೆಯದನ್ನು ಅವರು ಮಾಡುತ್ತಾರೆ, ಉಳಿದ ಐದನ್ನು ನಾವು. ಎರಡನೆಯ ಕರೆಯಲ್ಲಿ ಬಿಡುವ ದಿನ ಗೊತ್ತು ಮಾಡಿದರು. ಸಾರ್, ಮೇಡಂ ಎಂದುಕೊಂಡೇ ಅಣ್ಣ ತಂಗಿ ಮಾತಾಡಿದರು. ಕಳ್ಳ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎಂದು ನಾನು ಒಳಗೇ ನಕ್ಕೆ. ಆದರೆ ಹಾಗೆ ಮಾತಾಡಿದ್ದಕ್ಕೇ ಅವನ ಬಾಯಿಯಿಂದ ಎಂದೂ ಬಾರದ ಮಾತು ಬಂತು. ಮಷೀನು ಓಡುತ್ತಿರುವಷ್ಟು ಹೊತ್ತು ತೊಂದರೆಯಿಲ್ಲ ಮೇಡಂ, ನಿಲ್ಲಿಸಿದ ಮೇಲೆ ಈ ಎರಡು ಕೈಗಳನ್ನು ಎಲ್ಲಿಡಬೇಕೋ ಗೊತ್ತಾಗುವುದಿಲ್ಲ ಎಂದನಂತೆ. ಬಸ್ಸಕ್ಕ ಅದನ್ನು ನನಗೆ ಹೇಳುವಾಗ ತಮ್ಮ ಕೈಯನ್ನೇ ನೋಡಿಕೊಂಡರು. ಮೂರನೆಯ ಕರೆಯ ಹೊತ್ತಿಗೆ ದಿನಕ್ಕೆ ಇಪ್ಪತ್ತಿದ್ದದ್ದು ಆರಕ್ಕೆ ಇಳಿದಿತ್ತು. ಅಂದು ಇಡೀ ಮಧ್ಯಾಹ್ನ ಅವರು ಕರೆ ಮಾಡಿದವರಿಗೆಲ್ಲ ಬಸ್ಸು ಸರಿಯಾದ ಹೊತ್ತಿಗೆ ಬಂದಂತಹ ದನಿಯಲ್ಲಿ ಉತ್ತರ ಕೊಟ್ಟರು.

ನಾಲ್ಕನೆಯ ಕರೆಯಲ್ಲಿ ಅವನು ಬಹಳ ಹೊತ್ತು ಕೆಮ್ಮಿದ. ಎಷ್ಟು ದಿನದಿಂದ ಎಂದು ಕೇಳಿದ್ದಕ್ಕೆ, ಕೆಮ್ಮು ಬಿಡಿ ಮೇಡಂ, ಅದು ನನ್ನ ಹಳೇ ಸ್ನೇಹಿತ ಎಂದು ಹಾರಿಸಿದ. ಬಸ್ಸಕ್ಕ ಚೀಟಿಯೊಂದರಲ್ಲಿ 'ಕೆಮ್ಮು' ಎಂದು ಬರೆದಿಟ್ಟರು. ಯಾಕೆಂದರೆ ನಮ್ಮ ಪರದೆ ಕೆಮ್ಮಿನ ವಿಷಯ ಕೇಳುವುದು ಆರನೆಯ ಕರೆಯಲ್ಲಿ ಮಾತ್ರ. ಕಥೆಯೆಲ್ಲ ನಿಂತಿರುವುದು ಇದರ ಮೇಲೆ. ಆರನೆಯ ಕರೆಯ ಕೊನೆಗೆ ಎರಡು ಚೌಕ ಬರುತ್ತವೆ, 'ಬಿಟ್ಟಿದ್ದಾರೆ', 'ಬಿಟ್ಟಿಲ್ಲ'. 'ಬಿಟ್ಟಿಲ್ಲ' ಎಂದು ಒತ್ತಿದರೆ ಕೆಮ್ಮು ಇದೆಯೇ, ಕಫದಲ್ಲಿ ರಕ್ತವಿದೆಯೇ, ತೂಕ ಇಳಿದಿದೆಯೇ ಎಂಬ ಪ್ರಶ್ನೆಗಳು ತೆರೆದುಕೊಳ್ಳುತ್ತವೆ. ಐವತ್ತು ದಾಟಿದವರಿಗೆ ಎದೆಯ ಸ್ಕ್ಯಾನಿಗೆ ಚೀಟಿ ಹೋಗುತ್ತದೆ, ಖರ್ಚು ಕಂಪನಿಯದು. 'ಬಿಟ್ಟಿದ್ದಾರೆ' ಎಂದು ಒತ್ತಿದರೆ ಅಭಿನಂದನಾ ಪತ್ರ ಹೋಗಿ ಫೈಲು ಮುಚ್ಚಿಕೊಳ್ಳುತ್ತದೆ. ಬಿಟ್ಟವನ ಎದೆ ಬಿಟ್ಟ ದಿನವೇ ತೊಳೆದಿಟ್ಟ ಪಾತ್ರೆಯಾಗುತ್ತದೆಂದು ಯಾವ ಜಾಣ ಅಂದುಕೊಂಡನೋ.

ಐದನೆಯ ಕರೆಯಲ್ಲಿ ಅವನು ತಾನಾಗಿಯೇ ತಂಗಿಯ ಸುದ್ದಿ ತೆಗೆದ.

"ನಂಗೊಬ್ಬಳು ತಂಗಿ ಇದ್ದಾಳೆ ಮೇಡಂ. ಅವಳಾಗಿದ್ರೆ ಇಷ್ಟೊತ್ತಿಗೆ ಬೀದಿಗೆಲ್ಲ ಕೇಳೋ ಹಾಗೆ ಬೈದಿರೋಳು."

ಬಸ್ಸಕ್ಕನ ಬಾಯಿಗೆ ತರಬೇತಿಯಲ್ಲಿ ಕಲಿತದ್ದೇ ಬಂತು. "ಬೈಯೋದ್ರಿಂದ ಯಾರೂ ಬಿಡಲ್ಲ ಸಾರ್."

"ನಾನು ಬಿಟ್ಟಿದ್ದೀನಿ ಮೇಡಂ. ಎರಡು ಸಲ."

ಅದನ್ನು ಅವರು ಚುಚ್ಚುಮಾತು ಎಂದುಕೊಂಡರು. ಹಳೆಯದನ್ನು ಇನ್ನೂ ಹೊಟ್ಟೆಗೆ ಹಾಕಿಕೊಂಡಿಲ್ಲ ನೋಡು ಎಂದು ಮೆಟ್ಟಿಲ ತಿರುವಿನಲ್ಲಿ ನನ್ನ ಮುಂದೆ ಕಣ್ಣೊರೆಸಿಕೊಂಡರು. ಹಾಗಾದರೆ ಈಗಲೇ ಮನೆಗೆ ಹೋಗಿ ಅಣ್ಣಾ ಎಂದುಬಿಡಿ ಎಂದೆ. ಆರನೆಯ ಕರೆ ಮುಗಿಯಲಿ, ಬಿಟ್ಟ ಮೇಲೆ ಹೋಗುತ್ತೇನೆ, ಆಗ ಅವನೂ ತಲೆಯೆತ್ತಿ ಮಾತಾಡುತ್ತಾನೆ ಎಂದರು. ನನಗೂ ಅದು ಸರಿ ಎನಿಸಿತು. ನನ್ನ ಬುದ್ಧಿಗೂ ಮಂಕು ಬಡಿದಿತ್ತು.

ಆರನೆಯ ಕರೆಯ ದಿನ ಅವರು ಬೇಗ ಬಂದು, ಮೇಜು ಒರೆಸಿ, ಹೆಡ್‌ಫೋನು ಸರಿಮಾಡಿಕೊಂಡು ಕೂತಿದ್ದರು. ನನಗೆ ಕೇಳಿದ್ದು ಅವರ ಕಡೆಯ ಮಾತು ಮಾತ್ರ. ಹೇಗಿದ್ದೀರಿ ಸಾರ್, ಪಟ್ಟಿ ಅಂಟಿಸಿಕೊಳ್ಳುತ್ತಿದ್ದೀರಾ, ಈಗ ದಿನಕ್ಕೆ ಎಷ್ಟು ಎಂದರು. ಉತ್ತರ ಕೇಳಿ ಮುಖ ಅರಳಿತು. ಮರುಕ್ಷಣ ಬಣ್ಣ ಇಳಿಯಿತು. ಕೈ ಹೆಡ್‌ಫೋನಿಗೆ ಹೋಯಿತು, ಇನ್ನೂ ಒತ್ತಿ ಹಿಡಿದುಕೊಂಡರು. ತುಟಿ ಒಮ್ಮೆ ತೆರೆದು ಮುಚ್ಚಿತು. ಕಣ್ಣು ಪರದೆಯ ಕೆಳಗಿನ ಚೀಟಿಯ ಮೇಲಿತ್ತು. ಆಮೇಲೆ ಅಭಿನಂದನೆ ಹೇಳಿ ಮೊದಲ ಚೌಕ ಒತ್ತಿದರು.

ಮೆಟ್ಟಿಲ ತಿರುವಿಗೆ ಬಂದ ಮೇಲೆ ಹೇಳಿದರು. ಬಿಟ್ಟು ಹದಿನೆಂಟು ದಿನವಾಯಿತು ಎಂದನಂತೆ. ಹಾಗೆನ್ನುತ್ತಿರುವಾಗಲೇ ಆಚೆ ಬೆಂಕಿಕಡ್ಡಿ ಗೀರಿದ ಸದ್ದು. ಆಮೇಲೆ ಮೊದಲ ದಮ್ಮು ಎಳೆದ ಸದ್ದು. ಇಪ್ಪತ್ತೆರಡು ವರ್ಷ ಎಂಜಿನುಗಳ ಗದ್ದಲದಲ್ಲಿ ಕಂಡಕ್ಟರನ ಸೀಟಿಯನ್ನು ಬೇರೆ ಮಾಡಿ ಕೇಳಿದ ಕಿವಿ ಅದು, ತಪ್ಪುವುದಿಲ್ಲ. ಹಾಗಾದರೆ ಯಾಕೆ ಆ ಚೌಕ ಒತ್ತಿದಿರಿ ಎಂದು ಕೇಳಿದೆ.

"ಒಂದು ಸಲ ಬೈದು ಒಂಬತ್ತು ವರ್ಷ ಕಳ್ಕೊಂಡೆ" ಎಂದರು. "ಇನ್ನೊಂದು ಸಲ ಬೈದು ಕಳ್ಕೊಳ್ಳೋದಕ್ಕೆ ನಮ್ಮಿಬ್ಬರ ಹತ್ರ ಅಷ್ಟು ವರ್ಷ ಎಲ್ಲಿದೆ?"

ಕೆಮ್ಮಿನ ಚೀಟಿಯ ನೆನಪು ನನಗೂ ಬರಲಿಲ್ಲ, ಅವರಿಗೂ ಬರಲಿಲ್ಲ. ಹೋಗಲಿ ಬಿಡಿ, ನೂರರಲ್ಲಿ ಒಂದು ಎಂದು ಸಮಾಧಾನ ಮಾಡಿ ಅವರನ್ನು ಕುರ್ಚಿಗೆ ಕರೆತಂದೆ. ಕಂಪನಿಯ ಪಟ್ಟಿಯಲ್ಲಿ ಆ ತಿಂಗಳು ಬಿಟ್ಟವರ ಸಂಖ್ಯೆ ಒಂದು ಹೆಚ್ಚಾಯಿತು.

ಮನೆಗೆ ಹೋಗುತ್ತೇನೆ ಎಂದವರು ಹೋಗಲಿಲ್ಲ. ಸುಳ್ಳು ಹೇಳಿದವನ ಮುಂದೆ ಈಗಲೇ ಹೋಗಿ ನಿಂತರೆ ಅವನಿಗೆ ಮುಖವೆತ್ತಲು ಆಗುವುದಿಲ್ಲ, ನಾಲ್ಕು ವಾರ ಕಳೆಯಲಿ ಎಂದರು. ನಾಲ್ಕು ವಾರ ನಾಲ್ಕು ತಿಂಗಳಾಯಿತು. ನಾನೂ ನೆನಪಿಸುವುದನ್ನು ಬಿಟ್ಟೆ. ಏಳನೆಯ ತಿಂಗಳಲ್ಲಿ ಅವರ ಅತ್ತಿಗೆ ಫೋನು ಮಾಡಿದರು. ಕೆಮ್ಮಿನಲ್ಲಿ ರಕ್ತ ಬಂತು, ಆಸ್ಪತ್ರೆಗೆ ಸೇರಿಸಿದ್ದೇವೆ, ಸ್ಕ್ಯಾನು ಮಾಡಿದರು ಎಂದರು. ಆರೇಳು ತಿಂಗಳ ಹಿಂದೆ ಬಂದಿದ್ದರೆ ಎದೆಯ ಗೆಡ್ಡೆಯನ್ನು ಕೊಯ್ದು ತೆಗೆಯಬಹುದಿತ್ತು, ಈಗ ಎರಡೂ ಕಡೆಗೆ ಹರಡಿದೆ ಎಂದರಂತೆ ಡಾಕ್ಟರು. ಬಸ್ಸಕ್ಕ ಫೋನು ಇಟ್ಟು, ಡ್ರಾಯರು ತೆಗೆದು, 'ಕೆಮ್ಮು' ಎಂದು ಬರೆದ ಚೀಟಿಯನ್ನು ಹುಡುಕಿ ನನ್ನ ಮುಂದೆ ಇಟ್ಟರು. ಅವರು ಅಳಲಿಲ್ಲ.

ಒಬ್ಬರೇ ಹೋಗುವ ಧೈರ್ಯವಿಲ್ಲವೆಂದು ನನ್ನನ್ನೂ ಕರೆದುಕೊಂಡು ಹೋದರು. ಸಂಜೆ ನಾಲ್ಕರಿಂದ ಆರು ಭೇಟಿಯ ಹೊತ್ತು. ಉದ್ದನೆಯ ವಾರ್ಡು, ಕಿಟಕಿಯ ಪಕ್ಕದ ಮಂಚ. ಅತ್ತಿಗೆ ಎದ್ದು ಸ್ಟೂಲು ಬಿಟ್ಟುಕೊಟ್ಟು ನೀರು ತರುವ ನೆಪದಲ್ಲಿ ಹೊರಗೆ ಹೋದರು. ಅಣ್ಣನ ಮೈಯೆಲ್ಲ ಸೊರಗಿ ಅಂಗಿಯೇ ಹೆಚ್ಚಾಗಿ ಕಾಣುತ್ತಿತ್ತು. ಉಗುರಿನ ಸಂದಿಯಲ್ಲಿ ಕಬ್ಬಿಣದ ಕಪ್ಪು ಮಾತ್ರ ಹಾಗೇ ಇತ್ತು. ತಂಗಿಯನ್ನು ನೋಡಿ ಮೂಗಿನ ಕೊಳವೆ ಸರಿಸಿಕೊಂಡು, "ಏನ್ ಮೇಡಂ, ಏಳನೇ ಕರೇನೂ ಇದ್ಯಾ ನಿಮ್ಮಲ್ಲಿ?" ಎಂದ.

ಬಸ್ಸಕ್ಕ ನಗಲು ಹೋಗಿ ಸೋತರು. ಅವನ ಕೈ ಹಿಡಿದು ಸ್ಟೂಲಿನ ಮೇಲೆ ಕುಸಿದರು. ಒಂಬತ್ತು ವರ್ಷ ಹತ್ತು ತಿಂಗಳಾದ ಮೇಲೆ ಅಣ್ಣಾ ಎಂದರು.

"ಯಾಕಣ್ಣ ಸುಳ್ಳು ಹೇಳ್ದೆ?"

"ಕಡ್ಡಿ ಗೀರಿದ್ದು ಕೇಳಿಸ್ಲಿಲ್ವಾ ನಿಂಗೆ?"

"ಕೇಳಿಸ್ತು."

ಅವನು ಕಣ್ಣು ಮುಚ್ಚಿಕೊಂಡ. ನಿದ್ದೆ ಹೋದನೇನೋ ಎಂದುಕೊಂಡೆ. ಉಸಿರು ಕೂಡಿಸಿಕೊಳ್ಳುತ್ತಿದ್ದ ಅಷ್ಟೆ.

"ನಾನು ಕಡ್ಡಿ ಇಟ್ಕೊಳ್ಳೋದು ಬಿಟ್ಟು ಎಷ್ಟೋ ವರ್ಷ ಆಯ್ತು. ಜೇಬಲ್ಲಿ ಲೈಟರ್ ಇತ್ತು. ಅದು ಸದ್ದು ಮಾಡಲ್ಲ. ಪಕ್ಕದ ಮಷೀನಿನವನ ಹತ್ರ ಕಡ್ಡಿಪೆಟ್ಟಿಗೆ ಇಸ್ಕೊಂಡೆ. ಫೋನಿಗೆ ಹತ್ರ ಹಿಡ್ಕೊಂಡು ಗೀರಿದೆ. ನೀನು ಬೈತೀಯ ಅಂತ."

ಬಸ್ಸಕ್ಕ ಜಾರಿದ್ದ ಹೊದಿಕೆಯನ್ನು ಅವನ ಎದೆಯವರೆಗೆ ಎಳೆದರು.

"ಬೈದಿದ್ರೆ ಅವತ್ತೇ ಬಿಡ್ತಿದ್ದೆ" ಎಂದ. ಆಮೇಲೆ, "ನಾನೇ ನಿನ್ನ ಹೆಸರು ಹಿಡಿದು ಕರೀಬಹುದಿತ್ತು" ಎಂದ. ಅದರಲ್ಲಿ ದೂರು ಇರಲಿಲ್ಲ. ಲೇತಿಗೆ ಸಿಕ್ಕ ಶಾಫ್ಟು ಎಷ್ಟು ಉದ್ದವಿತ್ತು ಎಂದು ಹೇಳುವ ದನಿ ಅದು. ಆ ದನಿಯನ್ನು ನಾನು ಮರೆಯಲಾರೆ.

ಆರು ವಾರ ಇದ್ದ. ಬಸ್ಸಕ್ಕ ದಿನವೂ ನಾಲ್ಕು ಗಂಟೆಗೆ ಹೋಗಿ ಆರರವರೆಗೆ ಕೂತಿರುತ್ತಿದ್ದರು. ಅವನ ಮಾತಿಗೆ ಒಮ್ಮೆ ಬೈಯಲು ನೋಡಿದರಂತೆ, ಬಾಯಿ ಬರಲಿಲ್ಲ. ಅವನು ಹೋದ ಮೂರನೆಯ ವಾರ ತಾವೇ ಮೇಲಿನವರಿಗೆ ಬರೆದುಕೊಟ್ಟರು. ಅಣ್ಣನ ಕರೆಯನ್ನು ದಾಟಿಸಲಿಲ್ಲ, ಸುಳ್ಳೆಂದು ಗೊತ್ತಿದ್ದೂ 'ಬಿಟ್ಟಿದ್ದಾರೆ' ಎಂದು ಒತ್ತಿದೆ, ತಪ್ಪು ನನ್ನದು ಎಂದು. ಎಲ್ಲ ಗೊತ್ತಿದ್ದ ನನ್ನ ಮಾತನ್ನು ಅವರು ಎತ್ತಲೇ ಇಲ್ಲ. ಇಲಾಖೆಯವರೂ ಕಂಪನಿಯವರೂ ಒಂದೇ ಮೇಜಿನ ಸುತ್ತ ಕೂತು, ಫಾರಂ ಮಾಡಿದ್ದು ನೀವು, ಒಪ್ಪಿದ್ದು ನೀವು ಎಂದು ಒಂದು ದಿನವೆಲ್ಲ ಹಗ್ಗ ಎಳೆದಾಡಿದರು. ಕೊನೆಗೆ ಕೆಮ್ಮಿನ ಪ್ರಶ್ನೆ ಮೊದಲನೆಯ ಕರೆಗೇ ಬಂತು, ಬಿಟ್ಟವರಿಗೂ ಬಿಡದವರಿಗೂ. ಕೆಟ್ಟ ಮೇಲೆ ಬುದ್ಧಿ ಬಂತು. ಆ ಪ್ರಶ್ನೆಯಿಂದ ಮೊದಲ ತಿಂಗಳಲ್ಲೇ ಇಬ್ಬರಿಗೆ ಕಾಯಿಲೆ ಬೇಗ ಗೊತ್ತಾಯಿತು. ಆ ಸುದ್ದಿಯನ್ನು ಬಸ್ಸಕ್ಕನಿಗೆ ಹೇಳಿದಾಗ ಒಳ್ಳೆಯದಾಯಿತು ಎಂದು ಹೇಳಿ ಮುಂದಿನ ಕರೆ ತೆಗೆದುಕೊಂಡರು.

ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಈಗಲೂ ನನ್ನ ಪಕ್ಕದಲ್ಲೇ ಕೂರುತ್ತಾರೆ. ಪರದೆಯ ಕೆಳಗೆ ಚೀಟಿ ಇದ್ದ ಜಾಗದಲ್ಲಿ ಅಂಟಿನ ಗುರುತು ಮಾತ್ರ ಇದೆ. ಯಾರಾದರೂ ಬಿಟ್ಟೆ ಎಂದರೆ ಹೆಡ್‌ಫೋನು ಕಿವಿಗೆ ಒತ್ತಿ ಹಿಡಿದು, ಈಗ ನಿಮ್ಮ ಕೈಯಲ್ಲಿ ಏನಿದೆ ಎಂದು ಕೇಳುತ್ತಾರೆ. ಕೆಲವರು ಫೋನು ಇಟ್ಟುಬಿಡುತ್ತಾರೆ. ಬಸ್ಸಕ್ಕ ಮತ್ತೆ ಮಾಡುತ್ತಾರೆ. ಅವರ ಮೇಲೆ ಎರಡು ದೂರು ಬಂದಿವೆ. ಗಡಿಯಾರದ ಜೋಕು ಅವರ ಬಾಯಲ್ಲಿ ಮತ್ತೆ ನಾನು ಕೇಳಿಲ್ಲ.

ನಮ್ಮ ಕರೆಗಳನ್ನೆಲ್ಲ ಒಂದು ವರ್ಷ ಇಟ್ಟು ಅಳಿಸುತ್ತಾರೆ. ಅಳಿಸುವ ಮೊದಲು ಪಕ್ಕದ ಕುರ್ಚಿಯವರು ಒಮ್ಮೆ ಕೇಳಿ ಸಹಿ ಹಾಕಬೇಕು. ಹಾಗಾಗಿ ಆ ಆರನೆಯ ಕರೆ ಹೋದ ತಿಂಗಳು ನನ್ನ ಕಿವಿಗೆ ಬಂತು. ಬಿಟ್ಟೆ ಮೇಡಂ, ಇವತ್ತಿಗೆ ಹದಿನೆಂಟು ದಿನ ಎನ್ನುತ್ತಾನೆ. ಕಡ್ಡಿ ಗೀರುತ್ತಾನೆ, ಅಷ್ಟು ಹತ್ತಿರದಲ್ಲಿ ಗೀರಿದ್ದಾನೆ ಎಂದರೆ ನಾನು ಬೆಚ್ಚಿ ಹೆಡ್‌ಫೋನು ಸರಿಸಿದೆ. ದಮ್ಮು ಎಳೆಯುತ್ತಾನೆ, ಆಮೇಲೆ ಇಬ್ಬರೂ ಸುಮ್ಮನೆ. ಪರದೆಯ ಮೂಲೆಯ ಗಡಿಯಾರದಲ್ಲಿ ನೋಡಿದೆ, ಹನ್ನೊಂದು ಸೆಕೆಂಡು. ಆ ಹನ್ನೊಂದು ಸೆಕೆಂಡಿನಲ್ಲಿ ಒಂದು ಸಲವೂ ಅವನು ಕೆಮ್ಮುವುದಿಲ್ಲ. ತಡೆದುಕೊಂಡಿದ್ದಾನೆ. ಆಮೇಲೆ ಬಸ್ಸಕ್ಕ "ಅಭಿನಂದನೆಗಳು ಸಾರ್" ಎನ್ನುತ್ತಾರೆ.

"ಅಷ್ಟೇನಾ ಮೇಡಂ?" ಎನ್ನುತ್ತಾನೆ ಅವನು.

"ಅಷ್ಟೇ ಸಾರ್. ನಿಮ್ಮ ಫೈಲು ಮುಗೀತು."

ಅವನು ಫೋನು ಇಡುವುದಿಲ್ಲ. ಇವರೇ ಇಡುತ್ತಾರೆ.